ಷರಾ ಬರೆಯಲು ಜಾಗವಿರುವ ಫೈಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಇದ್ದಲ್ಲೇ ಇವೆ; ಅವು ಸೇರಿದ ಜಿಲ್ಲೆಯ ಹೆಸರು ಮಾತ್ರ ನಲವತ್ತು ವರ್ಷಗಳೊಳಗೆ ಮೂರು ಸಲ ಬದಲಾಯಿತು. ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಪಹಣಿಯಿಂದ ಹಿಡಿದು ಶಾಲೆಯ ರಸೀದಿವರೆಗೆ ಜಿಲ್ಲೆಯ ಹೆಸರು ಅಚ್ಚಾಗುವ ಕಡೆಯಲ್ಲೆಲ್ಲ ಇಂದು ತಂತ್ರಾಂಶವಿದೆ. ಇಂಥ ಹೆಸರನ್ನು ಪ್ರೋಗ್ರಾಮಿನ ಒಳಗೆ ಹುದುಗಿಸದೆ ಹೊರಗಿನ ಕಾನ್ಫಿಗರೇಷನ್ ಫೈಲಿನಲ್ಲಿ ಇಡಬೇಕು ಎನ್ನುವುದಕ್ಕೆ ಯಾರ ತಕರಾರೂ ಇಲ್ಲ. ಆ ಫೈಲು ಯಾವ ಫಾರ್ಮ್ಯಾಟಿನಲ್ಲಿರಬೇಕು ಎಂಬಲ್ಲಿ ವಾದ ಶುರುವಾಗುತ್ತದೆ. ಫೈಲನ್ನು ಬರೆದವರ ಮುಖವನ್ನೇ ಕಾಣದ ಒಬ್ಬರು ಹತ್ತು ವರ್ಷದ ಮೇಲೆ ಅದನ್ನು ತೆರೆದು ತಿದ್ದುತ್ತಾರೆ. ಅವರ ಅನುಕೂಲವೇ ಇಲ್ಲಿ ಮೊದಲ ಅಳತೆಯಾಗಬೇಕು ಎಂಬುದು ನನ್ನ ವಾದ.

ಈ ಜಿಲ್ಲೆಯನ್ನೇ ನೋಡಿ. 2025ರಲ್ಲಿ ಬದಲಾದದ್ದು ಜಿಲ್ಲೆಯ ಹೆಸರು ಮಾತ್ರ. ರಾಮನಗರ ತಾಲ್ಲೂಕು, ರಾಮನಗರ ಪಟ್ಟಣ ಹಾಗೇ ಉಳಿದವು, ಜಿಲ್ಲಾ ಕೇಂದ್ರವೂ ಅಲ್ಲೇ ಇದೆ. ‘ರಾಮನಗರ’ ಎಂದಿರುವಲ್ಲೆಲ್ಲ ‘ಬೆಂಗಳೂರು ದಕ್ಷಿಣ’ ಎಂದು ಒಂದೇ ಏಟಿಗೆ ಬದಲಿಸಿದರೆ ತಾಲ್ಲೂಕೂ ಕೆಟ್ಟಿತು, ವಿಳಾಸವೂ ಕೆಟ್ಟಿತು. ಹೊಸ ಹೆಸರಿನಲ್ಲೂ ಗೊಂದಲವಿದೆ. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ, ಆದರೆ ಈ ನಾಲ್ಕು ಊರುಗಳು ಬರುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಇಷ್ಟು ತೊಡಕಿರುವಾಗ ‘ಜಿಲ್ಲೆಯ ಹೆಸರು ಮಾತ್ರ ಬದಲಾಗಿದೆ, ತಾಲ್ಲೂಕಿನದು ಮುಟ್ಟಬೇಡಿ’ ಎಂಬ ಒಂದು ಷರಾ ಆ ಸಾಲಿನ ಪಕ್ಕದಲ್ಲೇ ಇರಬೇಕಾಗುತ್ತದೆ. ಜೇಸನ್ ಫಾರ್ಮ್ಯಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ರೂಪಿಸಿದ ಡಗ್ಲಾಸ್ ಕ್ರಾಕ್‌ಫರ್ಡ್ ಟಿಪ್ಪಣಿಯನ್ನು ಬೇಕೆಂದೇ ತೆಗೆದುಹಾಕಿದರು. ಜನ ಅದರೊಳಗೆ ಯಂತ್ರಕ್ಕೆ ಆದೇಶ ತುರುಕುತ್ತಾರೆಂಬುದು ಅವರ ಆತಂಕವಾಗಿತ್ತು. ಎರಡು ಯಂತ್ರಗಳ ನಡುವಿನ ವಿನಿಮಯಕ್ಕೆ ಅದು ಸರಿಯಾದ ನಿರ್ಧಾರವೇ. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳೂ ಜೇಸನ್ ಓದುತ್ತವೆ ಎಂಬ ಸಮರ್ಥನೆಯೂ ನಿಜ. ಆದರೆ ಓದುವುದು ಯಂತ್ರವೊಂದೇ ಅಲ್ಲವಲ್ಲ.

ಹಾಗಾದರೆ ಯಾಮೆಲ್ ಆಗಬಹುದಲ್ಲ, ಅದರಲ್ಲಿ ಟಿಪ್ಪಣಿಗೆ ಜಾಗವಿದೆ, ನೋಡಲೂ ಚೊಕ್ಕವಾಗಿದೆ ಎನ್ನುತ್ತಾರೆ. ಆ ಚೊಕ್ಕತನ ಬಂದಿರುವುದು ಉದ್ಧರಣ ಚಿಹ್ನೆಯನ್ನು ಬಿಟ್ಟು ಊಹೆಗೆ ಎಡೆಮಾಡಿದ್ದರಿಂದ. ಕಚೇರಿ ತೆರೆಯುವ ಹೊತ್ತು 10:30 ಎಂದು ಬರೆದರೆ ಯಾಮೆಲ್ 1.1ರ ನಿಯಮ ಅದನ್ನು ಅರವತ್ತರ ಲೆಕ್ಕದ ಅಂಕಿ ಎಂದು ಹಿಡಿದು 630 ಮಾಡುತ್ತದೆ. 09:30 ಎಂದು ಬರೆದರೆ ಮೊದಲ ಸೊನ್ನೆಯ ಕಾರಣಕ್ಕೆ ಹಾಗೇ ಬಿಡುತ್ತದೆ. 09:30 ಎಂದು ಬರೆದು ಪರೀಕ್ಷಿಸಿ ಸರಿಯಿದೆ ಎಂದವರು, ಹೊತ್ತನ್ನು ಒಂದು ಗಂಟೆ ಮುಂದೂಡಿದ ದಿನ ಸಿಕ್ಕಿಬೀಳುತ್ತಾರೆ. 2009ರ 1.2 ಆವೃತ್ತಿ ಇದನ್ನು ಕೈಬಿಟ್ಟಿತು, ನಿಜ. ಬಳಕೆಯಲ್ಲಿರುವ ಎಷ್ಟೋ ಲೈಬ್ರರಿಗಳು ಮಾತ್ರ ಹಳೆಯ ನಿಯಮವನ್ನೇ ಪಾಲಿಸುತ್ತಿವೆ. ಎಕ್ಸೆಲ್ ಕೂಡ ಸರ್ವೆ ನಂಬರ್ 12/5ನ್ನು ಕೇಳದೆಯೇ ತಾರೀಖು ಮಾಡಿಬಿಡುತ್ತದೆ. ಜಮೀನಿನ ವಿಷಯದಲ್ಲಿ ಇಂಥ ಊಹೆಯನ್ನು ಸಣ್ಣ ದೋಷವೆಂದು ನಾನು ಒಪ್ಪಲಾರೆ.

ಫೈಲೇ ಬೇಡ, ಎಲ್ಲವನ್ನೂ ಡೇಟಾಬೇಸಿಗೆ ಹಾಕಿ ತಿದ್ದಲು ಒಂದು ಫಾರಂ ಕೊಡಿ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ದಿನವೂ ಬದಲಾಗುವ ದರಕ್ಕೆ ಅದೇ ಸೂಕ್ತ. ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುವ ಹೆಸರಿಗೆ ಫಾರಂ ಕಟ್ಟಿದರೆ, ಬದಲಾಗುವ ಹೊತ್ತಿಗೆ ಆ ಫಾರಂ ಎಲ್ಲಿದೆಯೆಂಬುದೇ ಮರೆತಿರುತ್ತದೆ. ಸರಳ ಪಠ್ಯದ ಫೈಲನ್ನು ಯಾವ ಎಡಿಟರಿನಲ್ಲಾದರೂ ತೆರೆಯಬಹುದು. ಇದ್ದುದರಲ್ಲಿ ನನ್ನ ಒಲವು 2013ರಲ್ಲಿ ಹುಟ್ಟಿದ ಟಾಮ್ಲ್ ಕಡೆಗೆ. ಅದರಲ್ಲಿ ಷರಾ ಬರೆಯಲು ಜಾಗವಿದೆ, ಪದವನ್ನು ಉದ್ಧರಣ ಚಿಹ್ನೆಯಲ್ಲಿ ಇಡಲೇಬೇಕು, ತಾರೀಖಿಗೆ ತಾರೀಖಿನದೇ ರೂಪವಿದೆ, ಯುಟಿಎಫ್-8 ಕಡ್ಡಾಯವಾದ್ದರಿಂದ ಕನ್ನಡ ಕೆಡುವುದಿಲ್ಲ. ಪದರದೊಳಗೆ ಪದರ ಹೆಚ್ಚಿದರೆ ಟಾಮ್ಲ್ ತೊಡಕಾಗುತ್ತದೆ, ಒಪ್ಪಿದೆ. ಜಿಲ್ಲೆಯ ಹೆಸರಿಗೆ ಅಷ್ಟು ಪದರ ಬೇಕಿಲ್ಲ. ಬೇಕಾಗಿರುವುದು ಪ್ರತಿ ಹೆಸರಿನ ಜೊತೆ ಅದು ಜಾರಿಗೆ ಬಂದ ದಿನ. 2012ರಲ್ಲಿ ಚನ್ನಪಟ್ಟಣದಲ್ಲಿ ಕೊಟ್ಟ ಪ್ರಮಾಣಪತ್ರದ ಮೇಲೆ ರಾಮನಗರ ಜಿಲ್ಲೆ ಎಂದೇ ಇದೆ. ಅದನ್ನು ಇಂದು ಪರಿಶೀಲಿಸುವ ತಂತ್ರಾಂಶಕ್ಕೆ ಹಳೆಯ ಹೆಸರು, ಹೊಸ ಹೆಸರು ಎರಡೂ ತಿಳಿದಿರಬೇಕು.