ಅಂಗೈಯೊಡೆಯಾ, ಅವರ ಕೈ ಹಿಡಿ

ಅಂಗೈಯೊಡೆಯಾ, ದಿನಾ ಬೆಳಿಗ್ಗೆ ನಿನ್ನನ್ನು ಎಡಗೈಯಲ್ಲಿ ಇರಿಸಿಕೊಂಡು ಬಲಗೈಯಿಂದ ಪತ್ರಿ ಏರಿಸುವಾಗ ನಾನು ಬೇಡುವುದೆಲ್ಲ ನನ್ನ ಮನೆಯವರಿಗಾಗಿ. ಇವತ್ತು ಸಮುದ್ರದಾಚೆಯ ಕೆಲವರ ಪರವಾಗಿ ಬೇಡಲು ಕುಳಿತಿದ್ದೇನೆ. ಅವರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯದವರು. ತೋಳು ಹೇಗೆ ಚಾಚುತ್ತದೆ, ಬೆರಳು ಹೇಗೆ ಹಿಡಿಯುತ್ತವೆ ಎಂಬುದನ್ನೇ ವರ್ಷಗಟ್ಟಲೆ ನೋಡುತ್ತ ಬಂದವರು. ಅವರ ಬರಹಗಳಷ್ಟೇ ನನಗೆ ಪರಿಚಯ. ನಿನ್ನ ಹೆಸರು ಅವರಿಗೆ ಗೊತ್ತಿರಲಾರದು. ಆದರೂ ಬೆಳಗಿನಿಂದ ಸಂಜೆಯವರೆಗೆ ಅವರು ನೋಡುತ್ತಿರುವುದು ನೀನು ಕೂರುವ ಜಾಗವನ್ನೇ.

ಕೈಯನ್ನು ನೀನು ಎಷ್ಟು ಸಲೀಸು ಮಾಡಿ ಕೊಟ್ಟಿದ್ದೀಯೆಂದರೆ ಅದರ ಕಷ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀರಿನ ಲೋಟಕ್ಕೆ ಕೈ ಚಾಚುತ್ತೇವೆ. ಲೋಟ ಇನ್ನೂ ದೂರ ಇರುವಾಗಲೇ ಹೆಬ್ಬೆರಳೂ ಉಳಿದ ಬೆರಳುಗಳೂ ಅದರ ಅಗಲಕ್ಕಿಂತ ತುಸು ಹೆಚ್ಚೇ ತೆರೆದುಕೊಂಡು, ಹತ್ತಿರವಾದಂತೆ ಕೂಡಿಕೊಳ್ಳುತ್ತ ಬರುತ್ತವೆ. ಫ್ರಾನ್ಸಿನ ಲಿಯಾನ್‌ನಲ್ಲಿ ಮಾರ್ಕ್ ಜಾನ್ರೋ ಇದನ್ನು ಅಳೆದು ತೋರಿಸಿದರು. ಮುಟ್ಟಿದ ಮೇಲೆ ಲೆಕ್ಕವೇ ಬೇರೆ. ಬೆರಳು ವಸ್ತು ಜಾರದಿರಲು ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತುತ್ತದೆ. ನುಣುಪಾದದ್ದನ್ನು ಬಿಗಿಯಾಗಿ, ಒರಟಾದದ್ದನ್ನು ಸಡಿಲವಾಗಿ ಹಿಡಿಯುತ್ತದೆ. ಇದನ್ನು 1984ರಲ್ಲಿ ಬರೆದವರು ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದ ಯೊಹಾನ್ಸನ್ ಮತ್ತು ವೆಸ್ಟ್‌ಲಿಂಗ್. ಬೆರಳತುದಿಗೆ ಮರಗಟ್ಟಿಸುವ ಮದ್ದು ಕೊಟ್ಟರೆ ಈ ಅಂದಾಜು ಕೆಟ್ಟುಹೋಗುತ್ತದೆ ಎಂದೂ ಅವರು ಕಂಡರು. ಇಷ್ಟೆಲ್ಲ ಮಾಡುವ ಬೆರಳುಗಳನ್ನು ಮಡಚುವ ದೊಡ್ಡ ಸ್ನಾಯುಗಳು ಅಂಗೈಯಲ್ಲೇ ಇಲ್ಲ, ಮುಂಗೈಯಲ್ಲಿವೆ. ಮುಷ್ಟಿ ಬಿಗಿಯುತ್ತ ಬಿಡುತ್ತ ಇನ್ನೊಂದು ಕೈಯಿಂದ ಮುಂಗೈ ಮುಟ್ಟಿದರೆ ಚರ್ಮದ ಕೆಳಗೆ ಅವು ಉಬ್ಬಿ ಇಳಿಯುವುದು ತಿಳಿಯುತ್ತದೆ. ಎಲ್ಲೋ ಇದ್ದು ಎಲ್ಲೋ ದುಡಿಯುವ ಈ ಏರ್ಪಾಡಿಗೆ ನಿನಗೆ ಶರಣು.

ಮಾಸ್ಕೋದ ನಿಕೊಲಾಯ್ ಬರ್ನ್‌ಸ್ಟೈನ್ ಅವರನ್ನೂ ನೆನೆಯಬೇಕು. 1920ರ ದಶಕದಲ್ಲಿ ಅಲ್ಲಿನ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಅವರು ಸುತ್ತಿಗೆ ಹಿಡಿದ ಕೆಲಸಗಾರರ ತೋಳಿಗೆ ಪುಟ್ಟ ದೀಪಗಳನ್ನು ಕಟ್ಟಿ ಏಟಿನ ಚಿತ್ರ ತೆಗೆದರು. ಅದೇ ಕೆಲಸದಲ್ಲಿ ಪಳಗಿದ ಕೈಗಳು ಅವು. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಬಂತು. ಭುಜ, ಮೊಣಕೈ, ಮಣಿಕಟ್ಟು ಮಾತ್ರ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರಲಿಲ್ಲ. ಆಳಿನ ಮೈಯನ್ನು ಯಂತ್ರದ ಅಚ್ಚಿಗೆ ಹೊಂದಿಸಬೇಕೆಂದು ಹೊರಟ ಸಂಸ್ಥೆಯಲ್ಲೇ ಕಾಯಕದ ಕೈ ಯಂತ್ರವಲ್ಲ ಎಂಬ ಸತ್ಯ ಹೊರಬಿತ್ತು. ಪ್ರತಿ ಏಟನ್ನೂ ಕೈ ಹೊಸದಾಗಿ ಹುಡುಕಿಕೊಳ್ಳುತ್ತದೆ. ಇದನ್ನು ಓದಿದ ದಿನ ನಿನಗೆ ಒಂದು ಪತ್ರಿ ಹೆಚ್ಚಿಗೆ ಏರಿಸಿದ್ದೆ, ನೆನಪಿದೆಯಲ್ಲ?

ಪಿಟ್ಸ್‌ಬರ್ಗಿನವರ ದಾರಿ ಹೊರಟದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ. ಅಲ್ಲಿ ಅಪೋಸ್ಟೊಲೋಸ್ ಜಾರ್ಗೊಪೌಲೋಸ್ ಅವರು ನಡುವಿನಿಂದ ಎಂಟು ದಿಕ್ಕಿಗೂ ಕೈ ಚಾಚಲು ಕೋತಿಗೆ ಕಲಿಸಿ, ಆ ಹೊತ್ತಿನಲ್ಲಿ ಮಿದುಳಿನ ಕೋಶಗಳು ಮಿಡಿಯುವುದನ್ನು ದಾಖಲಿಸಿದರು. ಒಂದೊಂದು ಕೋಶಕ್ಕೆ ಒಂದೊಂದು ದಿಕ್ಕಿನ ಒಲವು. ಕೈ ಆ ಕಡೆ ಹೋದರೆ ಹೆಚ್ಚು ಮಿಡಿಯುತ್ತದೆ, ವಾಲಿದಷ್ಟೂ ಕಡಿಮೆಯಾಗುತ್ತದೆ. ಯಾವ ಕೋಶವೂ ಒಂಟಿಯಾಗಿ ದಿಕ್ಕನ್ನು ಖಚಿತವಾಗಿ ಹೇಳಲಾರದು. ಎಲ್ಲದರ ಒಲವನ್ನು ಕೂಡಿಸಿದರೆ ಕೈ ಹೋಗುವ ದಿಕ್ಕು ಸಿಗುತ್ತದೆ. 1986ರಲ್ಲಿ ಈ ಲೆಕ್ಕವನ್ನು ಅವರ ಜೊತೆ ಪ್ರಕಟಿಸಿದವರಲ್ಲಿ ಆಂಡ್ರ್ಯೂ ಶ್ವಾರ್ಟ್ಜ್ ಒಬ್ಬರು. ಮುಂದೆ 2008ರಲ್ಲಿ ಪಿಟ್ಸ್‌ಬರ್ಗಿನ ಶ್ವಾರ್ಟ್ಜ್ ತಂಡದ ಕೋತಿಗಳು ಮಿದುಳಿನ ಮಿಡಿತದಿಂದಲೇ ಯಂತ್ರದ ತೋಳನ್ನು ಆಡಿಸಿ ತಿಂಡಿಯನ್ನು ಬಾಯಿಗೆ ತಂದುಕೊಂಡವು. ಅಷ್ಟು ಹೊತ್ತೂ ಅವುಗಳ ಸ್ವಂತ ಕೈಗಳನ್ನು ಅಲುಗದಂತೆ ಹಿಡಿದಿಡಲಾಗಿತ್ತು.

ಆ ಕೋತಿಗಳ ವಿಷಯ ನಿನ್ನ ಮುಂದೆ ಮುಚ್ಚಿಡಲಾರೆ. ಅವುಗಳನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಕೇಳುವ ದಾರಿಯೂ ಇಲ್ಲ. ಈ ವಿದ್ಯೆಯ ಬುಡದಲ್ಲಿ ಅವುಗಳ ಋಣವಿದೆ, ಅದು ತೀರುವಂಥದ್ದಲ್ಲ. ಬೆಳಿಗ್ಗೆ ಪಂಜರದ ಬಾಗಿಲು ತೆರೆಯುವವರ ಮನಸ್ಸು ರೂಢಿಯಿಂದ ಜಡ್ಡುಗಟ್ಟದಿರಲಿ. ಅವಕ್ಕೆ ನೋವಾದಾಗ ಅದನ್ನು ನೋವು ಎಂದೇ ಬರೆದಿಡುವ ಧೈರ್ಯ ಅವರಿಗಿರಲಿ. ಒಂದು ಕೋತಿ ಕಡಿಮೆ ಸಾಕಾಗುವ ಕಡೆ ಒಂದು ಕಡಿಮೆಯನ್ನೇ ಅವರು ಬಳಸಲಿ.

ಇನ್ನು ಜಾನ್ ಶಾಯರ್‌ಮನ್ ಎಂಬ ತಾಯಿಯ ಮಾತು. ಕಾಯಿಲೆಯಿಂದ ಕುತ್ತಿಗೆಯ ಕೆಳಗೆ ಯಾವುದನ್ನೂ ಅಲುಗಿಸಲಾಗದೆ ವರ್ಷಗಳನ್ನು ಕಳೆದವರು. 2012ರಲ್ಲಿ ಪಿಟ್ಸ್‌ಬರ್ಗಿನವರು ಅವರ ಮಿದುಳಿನ ಮೇಲ್ಪದರಕ್ಕೆ ಎರಡು ಚಿಕ್ಕ ಫಲಕಗಳನ್ನು ಊರಿದರು. ಒಂದೊಂದೂ ನಾಲ್ಕು ಮಿಲಿಮೀಟರ್ ಚೌಕ, ಒಂದೊಂದರಲ್ಲೂ 96 ಸೂಜಿಮೊನೆಗಳು. ಆಕೆ ಮನಸ್ಸಿನಲ್ಲಿ ಕೈ ಚಾಚಿದರೆ ಪಕ್ಕದಲ್ಲಿ ನಿಲ್ಲಿಸಿದ ಯಂತ್ರದ ತೋಳು ಚಾಚಿತು. ಆ ತೋಳಿಗೆ ಆಕೆ ಹೆಕ್ಟರ್ ಎಂದು ಹೆಸರಿಟ್ಟಿದ್ದರು. ಒಂದು ದಿನ ಹೆಕ್ಟರ್ ಹಿಡಿದ ಚಾಕೊಲೇಟನ್ನು ತಮ್ಮ ಬಾಯಿಗೆ ತಾವೇ ತಂದುಕೊಂಡು ಕಚ್ಚಿದರು.

ಒಡೆಯಾ, ಈ ಚಾಕೊಲೇಟಿನ ತೂಕ ನನಗೆ ಗೊತ್ತು. ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವರು ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟರು. ಎಡಗೈಯಲ್ಲಿ ಉಣ್ಣಲು ನಾಚಿಕೆ, ಸೊಸೆ ಉಣಿಸಿದರೆ ಅದಕ್ಕಿಂತ ಹೆಚ್ಚು ನಾಚಿಕೆ. ಕೂಸಿಗೆ ಕೈತುತ್ತು ಅಕ್ಕರೆ. ಅದೇ ತುತ್ತು ಅರವತ್ತು ದಾಟಿದವರ ಬಾಯಿಗೆ ಬಂದಾಗ ಅವರು ಕಣ್ಣು ತಗ್ಗಿಸುತ್ತಾರೆ. ನನಗೆ ಬೇಕಾದಾಗ, ಬೇಕಾದಷ್ಟು, ನನ್ನ ಬಾಯಿಗೆ ನಾನೇ ಇಟ್ಟುಕೊಳ್ಳುವುದು ಎಷ್ಟು ದೊಡ್ಡ ಸ್ವಾತಂತ್ರ್ಯ ಎಂದು ದೊಡ್ಡಪ್ಪನ ಆ ಕಣ್ಣುಗಳಿಂದ ನಾನು ಕಲಿತೆ.

ಆ ಒಂದು ತುತ್ತಿನ ಹಿಂದೆ ಹೆಸರು ಬಾರದ ಎಷ್ಟೋ ಜನರ ದುಡಿಮೆ ಇದೆ. ತಲೆಯ ಮೇಲಿನ ಜೋಡಣೆಗೆ ಕೇಬಲ್ ಸಿಕ್ಕಿಸುವವರು, ಸುತ್ತಲಿನ ಚರ್ಮ ಕೆಂಪಾಗಿದೆಯೇ ಎಂದು ನೋಡುವವರು. ಮಿಡಿತ ನಿನ್ನೆ ಇದ್ದಂತೆ ಇವತ್ತು ಇರುವುದಿಲ್ಲ. ಆದ್ದರಿಂದ ಯಂತ್ರದ ತೋಳನ್ನು ತಾನಾಗಿ ಆಡಲು ಬಿಟ್ಟು, ಅದನ್ನು ನೀವೇ ಆಡಿಸುತ್ತಿದ್ದೀರಿ ಎಂದುಕೊಳ್ಳಿ ಎಂದು ಹೇಳಿ, ಆಗ ಬಂದ ಮಿಡಿತವನ್ನು ಗಣಕಕ್ಕೆ ಮತ್ತೆ ಕಲಿಸಬೇಕು. ಆಮೇಲೆ ಮರದ ತುಂಡು, ಚೆಂಡು, ಕೊಳವೆ: ಎತ್ತು, ಇಡು, ಮತ್ತೆ ಎತ್ತು. ಕೈ ತಪ್ಪಿ ಬಿದ್ದದ್ದನ್ನು ಎತ್ತಿ ಮತ್ತೆ ಅದೇ ಗುರುತಿನ ಮೇಲೆ ಇಡುವ ಹುಡುಗನೋ ಹುಡುಗಿಯೋ ಒಬ್ಬರು ಪ್ರತಿ ಪ್ರಯೋಗಾಲಯದಲ್ಲೂ ಇರುತ್ತಾರೆ. ಪ್ರಬಂಧದಲ್ಲಿ ಒಂದು ಅಂಕಿಯಾಗುವ ಕೆಲಸಕ್ಕೆ ಅವರು ಇಡೀ ಚಳಿಗಾಲ ಕೊಡುತ್ತಾರೆ. ಒಡೆಯಾ, ಅವರ ಸೊಂಟ ನೋಯದಿರಲಿ, ತಾಳ್ಮೆ ತಪ್ಪದಿರಲಿ. ಬೇಸರದ ಸಂಜೆ, ಅನುಕೂಲಕ್ಕೆ ಬಾರದ ಒಂದು ಅಂಕಿಯನ್ನು ಅಳಿಸಿಬಿಡುವ ಆಸೆ ಬಂದರೆ ಅವರ ಬೆರಳನ್ನು ನೀನು ಹಿಡಿದುಕೋ.

ಪಿಟ್ಸ್‌ಬರ್ಗಿನ ಈ ಕೆಲಸಕ್ಕೆ ಹಣ ಕೊಟ್ಟವರಲ್ಲಿ ಅಮೆರಿಕದ ಸೇನೆಯ ಸಂಶೋಧನಾ ಸಂಸ್ಥೆ ಡಾರ್ಪಾವೂ ಇತ್ತು. ಯುದ್ಧದಲ್ಲಿ ಕೈ ಕಳೆದುಕೊಂಡವರಿಗೆ ಕೈ ಕೊಡಬೇಕೆಂಬುದು ಅದರ ಯೋಜನೆಯ ಉದ್ದೇಶ, ಅದು ಒಳ್ಳೆಯದೇ. ಆದರೆ ಅದೇ ಶಾಯರ್‌ಮನ್ ತಮ್ಮ ಯೋಚನೆಯಿಂದಲೇ ಎಫ್-35 ಯುದ್ಧವಿಮಾನದ ಸಿಮ್ಯುಲೇಟರನ್ನೂ ಹಾರಿಸಿದರು ಎಂಬ ಸುದ್ದಿ 2015ರಲ್ಲಿ ಬಂದಾಗ ನನ್ನ ಎದೆ ಒಂದು ಗಳಿಗೆ ಅಳುಕಿತು. ಕೈಕಾಲು ಅಲುಗಿಸಲಾಗದವರಿಗೆ ಹಾರುವ ಸುಖ ಸಿಕ್ಕಿದ್ದಕ್ಕೆ ಸಂತೋಷವೇ. ತುತ್ತು ಎತ್ತಲೆಂದು ಕಲಿತ ವಿದ್ಯೆ ಗುಂಡಿ ಒತ್ತಲು ಹೋಗದಂತೆ ಮಾತ್ರ ನೀನು ಕಾಯಬೇಕು.

ಆ ಸುದ್ದಿ ಬರುವ ಮೊದಲೇ, 2014ರಲ್ಲಿ, ಶಾಯರ್‌ಮನ್ ಅವರ ತಲೆಯಿಂದ ಆ ಫಲಕಗಳನ್ನು ತೆಗೆಯಬೇಕಾಗಿತ್ತು. ಜೋಡಣೆಯ ಸುತ್ತಲಿನ ಚರ್ಮ ಹಿಂದೆ ಸರಿಯುತ್ತಿತ್ತು, ಸೋಂಕಿನ ಭಯವಿತ್ತು. ಹೆಕ್ಟರ್ ಅಲ್ಲೇ ಉಳಿಯಿತು. ಆಕೆ ಅಲುಗದ ಕೈಗಳೊಡನೆ ಮನೆಗೆ ಹೋದರು. ಹೀಗಾಗುವುದೆಂದು ಗೊತ್ತಿದ್ದೇ ಇಂಥವರು ಒಪ್ಪಿಗೆ ಪತ್ರ ಕೊಡುತ್ತಾರೆ. ತಮಗೆ ದಕ್ಕದ ಕೈ ತಾವು ನೋಡದ ಯಾರಿಗೋ ದಕ್ಕಲೆಂದು ತಲೆಬುರುಡೆ ತೆರೆಯಲು ಬಿಡುತ್ತಾರೆ. ದಾಸೋಹದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕೇಳಿಲ್ಲ.

ಆ ಕೊಡುಗೆ ವ್ಯರ್ಥವಾಗಲಿಲ್ಲ. 2004ರ ಕಾರು ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡ ನೇಥನ್ ಕೋಪ್ಲೆಂಡ್‌ಗೆ ಅದೇ ಪಿಟ್ಸ್‌ಬರ್ಗಿನವರು ಚಲನೆಯ ಭಾಗದ ಜೊತೆಗೆ ಸ್ಪರ್ಶದ ಭಾಗಕ್ಕೂ ಸೂಜಿಮೊನೆಗಳನ್ನು ಊರಿದರು. ಕಣ್ಣು ಕಟ್ಟಿ ಯಂತ್ರದ ಬೆರಳುಗಳನ್ನು ಮುಟ್ಟಿದರೆ ಯಾವ ಬೆರಳೆಂದು ಆತ ಹೇಳಿದ. ಸ್ಪರ್ಶವನ್ನೂ ಕೊಟ್ಟಾಗ ಒಂದು ವಸ್ತುವನ್ನು ಎತ್ತಿಡಲು ಹಿಡಿಯುತ್ತಿದ್ದ ಸುಮಾರು 20 ಸೆಕೆಂಡು ಸುಮಾರು 10ಕ್ಕೆ ಇಳಿಯಿತೆಂದು 2021ರಲ್ಲಿ ಬರೆದರು. ಚಾಚುವುದಕ್ಕೆ ಮುಟ್ಟುವುದು ಎಷ್ಟು ಬೇಕು ಎಂದು ನೀನು ಹಿಂದೆಯೇ ಬಲ್ಲೆ.

ಇಷ್ಟು ಬೇಡುತ್ತೇನೆ, ಒಡೆಯಾ. ಪ್ರಯೋಗ ಮುಗಿಸಿ ಮನೆಗೆ ಹೋದವರನ್ನು ಪ್ರಯೋಗಾಲಯ ಮರೆಯದಿರಲಿ. ವರ್ಷ ಕಳೆದ ಮೇಲೂ ಅವರ ಮನೆಗೆ ಫೋನ್ ಹೋಗಲಿ, ಹೇಗಿದ್ದೀರಿ ಎಂದು ಕೇಳಲಿ. ಅವರ ಆರೈಕೆಗೂ ಒಂದು ಪಾಲು ತೆಗೆದಿಡುವ ಬುದ್ಧಿಯನ್ನು ಹಣ ಕೊಡುವವರಿಗೆ ಕೊಡು. ಊರಿದ ಮೊನೆಗಳ ಸುತ್ತ ಗಾಯದ ಪೊರೆ ಕಟ್ಟಿ ಮಿಡಿತ ಮಂಕಾಗುವ ತೊಡಕಿಗೆ ಯಾವುದಾದರೂ ಎಳೆಯ ಸಂಶೋಧಕನ ತಲೆಯಲ್ಲಿ ಒಂದು ದಾರಿ ಹೊಳೆಸು. ಇದೆಲ್ಲ ನಮ್ಮ ಕಡೆಗೆ ಬರುವ ಹೊತ್ತಿಗೆ ಅದರ ಬೆಲೆ ದೊಡ್ಡಪ್ಪನಂಥವರ ಮನೆಯವರು ಹೊಲ ಮಾರದೆ ಕೊಡುವಷ್ಟಿರಲಿ.