ಸನಾದಿ ಅಪ್ಪಣ್ಣನಿಗೆ ಅತ್ತ ಕಣ್ಣೀರು

ನಾನು ಡಾ. ರಾಜಕುಮಾರ ಅವರ ಅಭಿಮಾನಿ. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ, ದೂಧಸಾಗರ ದಾಟಿ, ಹೊಟ್ಟೆಪಾಡಿಗೆ ಈ ಕುಡಚಡೆಗೆ ಬಂದಾಗ ನನ್ನ ಗಂಟಿನಾಗ ಎರಡು ಜೊತೆ ಬಟ್ಟೆ, ಒಂದು ದಮ್ಮಡಿ, ಅಣ್ಣಾವ್ರ ಒಂದು ಫೋಟೊ ಇದ್ದವು. ಮೊದಲು ಅದಿರು ತುಂಬುವ ಕೆಲಸ ಮಾಡಿದೆ. 2012ರಾಗ ಗಣಿ ನಿಂತ ಮೇಲೆ ಗೇಣಿಗೆ ಹೊಲ ಹಿಡಿದು ತರಕಾರಿ ಬೆಳೆಯಾಕ ಹತ್ತಿದೆ. ಎಷ್ಟು ಬಾಡಿಗೆ ಮನೆ ಬದಲಿಸಿದರೂ ಆ ಫೋಟೊ ಮಾತ್ರ ನನ್ನ ಜೊತೆಗೇ ಬಂತು.

ಒಂದು ಸಂಜೆ ವಾಚನಾಲಯದ ಕಟ್ಟಿ ಮೇಲೆ ಒಬ್ಬ ಮಾಸ್ತರರು ನನ್ನನ್ನು ಕೇಳಿದರು: "ಕಾಕಾ, ಸಿನಿಮಾ ನೋಡಿ ಅಳ್ತೀರಲ್ಲ, ಆ ಅಳು ಖರೇನೋ ಸುಳ್ಳೋ? ಅಲ್ಲಿ ಯಾರಿಗೂ ಏನೂ ಆಗಿರೂದಿಲ್ಲಲ್ಲ?" ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದಿ ಬರಲಿಲ್ಲ. ಯಾಕಂದ್ರ ಆ ಪ್ರಶ್ನೆ ನನಗೆ ಹಳೆಯದು. ಅದರ ಉತ್ತರ ಹುಡುಕಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಏಳನೆತ್ತೆ ಓದಿದವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

1977ರಲ್ಲಿ 'ಸನಾದಿ ಅಪ್ಪಣ್ಣ' ಬಂತು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ, ಜಿ.ಕೆ. ವೆಂಕಟೇಶ ಅವರ ಸಂಗೀತ. ಹಳ್ಳಿಯಲ್ಲಿ ಸನಾದಿ ಊದುವವನ ಬಾಳುವೆ ಅದು. ಅಪ್ಪಣ್ಣನಾಗಿ ರಾಜಕುಮಾರ, ಕುಣಿಯುವ ಹೆಣ್ಣಾಗಿ ಜಯಪ್ರದಾ. ಪರದೆ ಹಿಂದೆ ಶಹನಾಯಿ ಊದಿದವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್. 1947ರ ಆಗಸ್ಟ್ 15ಕ್ಕೆ ದಿಲ್ಲಿಯ ಕೆಂಪುಕೋಟೆಯಲ್ಲಿ ಊದಿದ ಅದೇ ಉಸಿರು ನಮ್ಮೂರ ಟೆಂಟಿನ ಮರಳ ಮೇಲೆ ಕುಂತವರ ಕಿವಿಗೂ ಬಿತ್ತು. ಅಣ್ಣಾವ್ರ ಕೆನ್ನೆ, ಬೆರಳು, ಕಣ್ಣು ನೋಡಿದರೆ ಊದುವವರು ಬ್ಯಾರೆಯವರು ಅಂತ ಯಾರೂ ಹೇಳುವಂಗಿರಲಿಲ್ಲ. ನಾನು ಆ ಸಿನಿಮಾ ನಾಕು ಸಲ ನೋಡಿದೆ, ನಾಕೂ ಸಲ ಅತ್ತೆ.

ಅದೇ ವರ್ಷ ನಮ್ಮ ಮನೆಯಲ್ಲಿ ಅಕ್ಕನ ಮದುವೆ. ನಮ್ಮೂರಲ್ಲೂ ಒಬ್ಬ ಸನಾದಿ ಊದುವ ಮುದುಕ ಇದ್ದ. ನಾನು ಇವತ್ತು ಭಜನಿ ಪದ, ತತ್ವಪದ ಹಾಡುವಾಗ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ಕಲಿತದ್ದು ಅವನ ಹಿಂದೆ ತಿರುಗಾಡಿ. ಮದುವೆ ದಿನ ಕೋಳಿ ಕೂಗುವ ಮೊದಲೇ ಬಂದು ಹಂದರದ ಹೊರಗ ಕುಂತು ಊದಾಕ ಹತ್ತಿದವನು ಅಕ್ಕಿಕಾಳು ಬಿದ್ದ ಮೇಲೂ ಊದುತ್ತಲೇ ಇದ್ದ. ಎಲ್ಲರ ಊಟ ಮುಗಿದ ಮೇಲೆ ಅಪ್ಪ ನನಗೆ, "ಅವಂಗ ಹಾಕಿ ಬಾ" ಅಂದ. ದನದ ಕೊಟ್ಟಿಗೆ ಹತ್ತಿರ ಅವನು ತಾನೇ ತಂದಿದ್ದ ತಾಟು ಮುಂದೆ ಹಿಡಿದ. ನಾನು ಮೇಲಿನಿಂದ ಹಾಕಿ, ಕೈ ತಾಕದಂಗ ನೋಡಿಕೊಂಡು ಒಳಗೆ ಬಂದೆ. ಏನೂ ಅನ್ನಿಸಲಿಲ್ಲ. ಅವತ್ತು ಸಂಜೆ ಗೆಳೆಯರ ಜೊತೆ ಮತ್ತ 'ಸನಾದಿ ಅಪ್ಪಣ್ಣ'ನ ಮಾತೇ ಆಡಿದೆ.

ಪರದೆ ಮೇಲಿನ ಅಪ್ಪಣ್ಣನಿಗೆ ಅತ್ತವನು, ಕೊಟ್ಟಿಗೆಯ ಅಪ್ಪಣ್ಣನನ್ನು ಯಾಕ ಕಾಣಲಿಲ್ಲ?

ಮೊದಲನೆಯದು, ಪರದೆಯ ಅಪ್ಪಣ್ಣ ನಮ್ಮಿಂದ ಏನೂ ಕೇಳುವುದಿಲ್ಲ. ತಿಕೀಟಿನ ರೊಕ್ಕ ಕೊಟ್ಟರೆ ಮುಗೀತು. ಅವನಿಗೆ ಪಂಕ್ತಿಯಲ್ಲಿ ಜಾಗ ಬೇಡ, ಮಜೂರಿ ಬೇಡ, ನಮ್ಮ ಮಗ್ಗುಲಲ್ಲಿ ಕುಂಡ್ರೂದು ಬೇಡ. ಊರಿನ ಅಪ್ಪಣ್ಣನಿಗೆ ಮರುಗಿದರೆ ಅಪ್ಪನ ಎದುರು ನಿಲ್ಲಬೇಕಾಗುತ್ತಿತ್ತು, ಊರ ಬಾಯಿಗೆ ಬೀಳಬೇಕಾಗುತ್ತಿತ್ತು. ಖರ್ಚಿಲ್ಲದ ಮರುಕ ಲಗೂನ ಬರ್ತೈತಿ.

ಎರಡನೆಯದು ಹೇಳಲಿಕ್ಕೆ ಅಭಿಮಾನಿಯಾದ ನನಗೆ ನಾಚಿಕೆ. ನಾನು ಅತ್ತದ್ದು ಅಪ್ಪಣ್ಣನಿಗಲ್ಲ, ರಾಜಕುಮಾರ ಅವರಿಗೆ. ನಮ್ಮ ಅಣ್ಣಾವ್ರಿಗೆ ಇಂಥ ಕಷ್ಟ ಬಂತಲ್ಲ ಅಂತ ಕರುಳು ಚುರ್ ಅಂದಿತು. ಅವರ ಮುಖ ಇಲ್ಲದ ಬರೀ ಸನಾದಿಯವನಾಗಿದ್ದರೆ ಅಷ್ಟು ಅಳುತ್ತಿದ್ದೆನೋ ಇಲ್ಲೋ.

ಇದು ನಮ್ಮ ಕಡೆಯ ರೋಗ ಮಾತ್ರ ಅಲ್ಲ. ಇಲ್ಲೇ ಸಾಂಗೆ ತಾಲ್ಲೂಕಿನ ಕುರ್ಡಿ ಊರು ನೋಡಿರಿ. ಸಾಳಾವಲಿ ಅಣೆಕಟ್ಟಿನ ನೀರಲ್ಲಿ ಮುಳುಗಿ, ಬ್ಯಾಸಿಗೆಯಲ್ಲಿ ನೀರು ಇಳಿದಾಗ ಮತ್ತ ಮ್ಯಾಲೆ ಕಾಣುವ ಊರದು. 1904ರಲ್ಲಿ ಹುಟ್ಟಿದ ಮೊಗುಬಾಯಿ ಕುರ್ಡೀಕರ ಆ ಊರಿನವರು. ಅಲ್ಲಾದಿಯಾ ಖಾನ್ ಸಾಹೇಬರ ಹತ್ತಿರ ಕಲಿತು ದೊಡ್ಡ ಗಾಯಕಿಯಾದರು, 1974ರಲ್ಲಿ ಪದ್ಮಭೂಷಣ ಬಂತು. ಕಿಶೋರಿ ಅಮೋಣಕರ ಅವರ ಮಗಳು. ಅವರು ಹುಟ್ಟಿದ್ದು ಗೋವೆಯ ದೇವಸ್ಥಾನಗಳಲ್ಲಿ ಹಾಡಿ ಸೇವೆ ಮಾಡಿದ ಕಲಾವಂತ ಸಮಾಜದಲ್ಲಿ. ಆ ಮನೆತನಗಳ ಹಾಡು ಎಲ್ಲರಿಗೂ ಬೇಕಾಗಿತ್ತು, ಹಾಡುವವರನ್ನು ಮಾತ್ರ ಸಮಾಜ ದೂರ ಇಟ್ಟಿತ್ತು. ದನಿಗೆ ಮೈಲಿಗೆ ಇಲ್ಲ, ಕೊರಳಿಗೆ ಮೈಲಿಗೆ. ಇದು ಯಾವ ನ್ಯಾಯ?

ಹಂಗಾದ್ರ ಮಾಸ್ತರರು ಹೇಳಿದಂಗ ಆ ಕಣ್ಣೀರು ಸುಳ್ಳಾ? ಅಲ್ಲ ಅಂತ ನನ್ನ ಅನುಭವ. ಕೆಲವು ವರ್ಷದ ಹಿಂದೆ ಇಲ್ಲೇ ಗೋವೆಯಲ್ಲಿ ಒಂದು ಮನೆಯ ಕಾರ್ಯಕ್ಕೆ ಭಜನಿ ಹಾಡಲಿಕ್ಕೆ ಕರೆದರು. ರಾತ್ರಿ ಎರಡರ ತನಕ ಹಾಡಿದೆವು. ಎಲೆ ಹಾಕುವಾಗ ಒಳಗಿನಿಂದ ಒಂದು ದನಿ ಬಂತು: "ಹಾಡೋರು ಆಮ್ಯಾಲ ಉಣ್ಲಿ, ಮೊದಲು ನಮ್ಮವರು." ಹೊರಗೆ ಅಂಗಳದಾಗ ಕುಂತೆ. ಆಗ ಕಣ್ಣ ಮುಂದೆ ಬಂದದ್ದು ಸಿನಿಮಾದ ಅಪ್ಪಣ್ಣ, ಅವನ ಹಿಂದೆಯೇ ತಾಟು ಹಿಡಿದ ನಮ್ಮೂರ ಮುದುಕ. ಆ ಸಿನಿಮಾ ನಾನು ನೋಡಿರದಿದ್ದರೆ, ಅವತ್ತು ಬರೀ ಸಿಟ್ಟು ಬರುತ್ತಿತ್ತು. ನೋಡಿದ್ದರಿಂದ ನಾಚಿಕೆ ಬಂತು. ಅದಕ್ಕೇ ಹೇಳುತ್ತೇನೆ, ಸಿನಿಮಾದ ಕಣ್ಣೀರು ಸುಳ್ಳಲ್ಲ, ಅದು ಸಾಲ. ಟೆಂಟಿನಲ್ಲಿ ಅಳುವಾಗ ಸಾಲ ತಂದಂಗ. ಹೊರಗೆ ಬಂದು ಬದುಕಿನಲ್ಲಿ ತೀರಿಸಬೇಕು. ತೀರಿಸದಿದ್ದರೆ ಬಡ್ಡಿ ಬೆಳೀತೈತಿ.

ಅಣ್ಣಾವ್ರು ನನಗಿಂತ ಕಡಿಮೆ ಸಾಲಿ ಕಲಿತವರು. ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದರೂ ನಮ್ಮನ್ನು 'ಅಭಿಮಾನಿ ದೇವರುಗಳೇ' ಅಂತ ಕೈ ಮುಗಿದು ಕರೆದರು. 2006ರ ಏಪ್ರಿಲ್ 12ಕ್ಕೆ ತೀರಿಕೊಂಡಾಗ ಕಣ್ಣು ದಾನ ಕೊಟ್ಟು ಹೋದರು. ಅದೇ ದುಃಖದಲ್ಲಿ ಬೆಂಗಳೂರಲ್ಲಿ ಗಲಾಟೆಯಾಗಿ ಕೆಲವರ ಜೀವವೇ ಹೋಯಿತು. ಅವರು ಕಣ್ಣು ಕೊಟ್ಟರು, ನಾವು ಕಲ್ಲು ತೂರಿದೆವು. ದೇವರು ಅನ್ನಿಸಿಕೊಂಡ ಮೇಲೆ ದೇವರಂಗ ನಡಕೊಳ್ಳಬೇಕಲ್ಲವೇ? ಯಾವ ದೇವರು ಊದುವವನನ್ನು ಕೊಟ್ಟಿಗೆಗೆ ಕಳಿಸುತ್ತಾನೆ? ಅದೇ ವರ್ಷ ಆಗಸ್ಟಿನಲ್ಲಿ ಬಿಸ್ಮಿಲ್ಲಾ ಖಾನ್ ಸಾಹೇಬರೂ ತೀರಿಕೊಂಡರು. ಊದಿದವರೂ ಹೋದರು, ಊದಿದಂಗ ನಟಿಸಿದವರೂ ಹೋದರು. ಉಳಿದವರು ಕೇಳಿದ ನಾವು.

ನಮ್ಮೂರ ಮುದುಕ ತೀರಿಹೋಗಿ ಬಹಳ ವರ್ಷ ಆಯಿತು. ಅವನ ಮಗ ಈಗಲೂ ಮದುವೆಗಳಲ್ಲಿ ಸನಾದಿ ಊದುತ್ತಾನೆ. ಹೋದ ವರ್ಷ ಮೊಮ್ಮಗಳ ಮದುವೆ ಕುಡಚಡೆಯಲ್ಲಿ ಮಾಡಿದಾಗ ಅವನನ್ನು ಕರೆಸಿದೆ. ಹಿರಿಯರಲ್ಲಿ ಇಬ್ಬರು ಮುಖ ತಿರುವಿದರೂ ಮೊದಲ ಪಂಕ್ತಿಯಲ್ಲಿ ಮಗ್ಗುಲಿಗೆ ಕೂಡಿಸಿಕೊಂಡು ಉಂಡೆ. ಊಟ ಆದ ಮೇಲೆ ಕೊಟ್ಟಿಗೆಯ ಕಥೆ ಹೇಳಿ, ತಪ್ಪಾತಪ್ಪಾ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಯಣ್ಣಾ, ಇದನ್ನ ನಮ್ಮಪ್ಪ ಇದ್ದಾಗ ಮಾಡಬೇಕಿತ್ತಲ್ಲ."

ಅವನ ಮಾತು ಖರೇ. ತಡಾ ಮಾಡಿ ತೀರಿಸಿದ ಸಾಲ ಪೂರ್ತಿ ತೀರುವುದಿಲ್ಲ. ಇನ್ನು ಲಗ್ನದ ಕಾಲ ಬರುತ್ತದೆ. ನಿಮ್ಮ ಹಂದರದ ಹೊರಗೂ ಯಾರೋ ಊದುತ್ತಿರುತ್ತಾರೆ, ಬಾರಿಸುತ್ತಿರುತ್ತಾರೆ. ಅವರು ಇರುವಾಗಲೇ ಒಳಗೆ ಕರೆಯಿರಿ, ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕಿರಿ.