ಕೇಳಿಸುತ್ತಿಲ್ಲ ಎಂಬ ಮಾತು

ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತನಾಡಬೇಕಾದರೆ ತಾರಸಿ ಹತ್ತಬೇಕಾಗಿತ್ತು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ಹದಿನೈದು ವರ್ಷದ ಹಿಂದೆ ನಾವು ಬಂದಾಗ ಸುತ್ತಲೂ ಹೆಂಚಿನ ಮನೆಗಳೂ ತೆಂಗಿನ ಮರಗಳೂ ಇದ್ದವು. ಈಗ ಮೂರು ಕಡೆಯೂ ನಾಲ್ಕಂತಸ್ತಿನ ಕಟ್ಟಡಗಳೆದ್ದು, ನಾವು ಬಾವಿಯ ತಳದಲ್ಲಿ ಸಂಸಾರ ಹೂಡಿದಂತಾಗಿದೆ. ಮೊದಲು ಬಿಸಿಲು ಹೋಯಿತು. ಅದರ ಹಿಂದೆಯೇ ಮೊಬೈಲಿನ ಸಿಗ್ನಲ್ಲೂ ಹೋಯಿತು. ಕಾಂಕ್ರೀಟೂ ಅದರೊಳಗಿನ ಕಬ್ಬಿಣದ ಸರಳುಗಳೂ ಟವರಿನಿಂದ ಬರುವ ಅಲೆಗಳನ್ನು ತಡೆದುಬಿಡುತ್ತವೆಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು ವಿವರಿಸಿದರು. ಕಡಿಮೆ ಆವರ್ತನದ ಅಲೆ ಗೋಡೆಯನ್ನು ಹೇಗೋ ದಾಟಿ ಬರುತ್ತದಂತೆ. ಹೆಚ್ಚಿನ ಆವರ್ತನದ್ದು ಹೊರಗೇ ಸೋಲುತ್ತದಂತೆ. “ಮನುಷ್ಯರಲ್ಲೂ ಹಾಗೆಯೇ, ನಿಧಾನವಾಗಿ ಬಂದವರು ಒಳಗೆ ಬರುತ್ತಾರೆ” ಎಂದೆ. ಅವರು ನಗಲಿಲ್ಲ.

ಅಡಿಗೆಮನೆಯ ಕಿಟಕಿಯಲ್ಲಿ ಒಂದು ಗೀಟು, ಬಚ್ಚಲಮನೆಯ ಬಾಗಿಲಲ್ಲಿ ಒಮ್ಮೊಮ್ಮೆ ಎರಡು, ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮೂರು. ಇದು ನಮ್ಮ ಮನೆಯ ಭೂಗೋಳ. ಬಂಧುಗಳೆಲ್ಲರಿಗೂ ಇದು ಗೊತ್ತು. “ಅವರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ” ಎಂಬ ಕೀರ್ತಿ ನಮಗಿಂತ ಮೊದಲೇ ಮದುವೆ ಮುಂಜಿಗಳಿಗೆ ಹೋಗಿ ಕುಳಿತಿರುತ್ತಿತ್ತು. ಆ ಕೀರ್ತಿ ನನಗೆ ಎಷ್ಟು ಅನುಕೂಲವಾಗಿತ್ತೆಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಅಕ್ಕ ಇರುವುದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಎದುರು ಗುಡ್ಡದ ಮೇಲೆಯೇ ಟವರಿದೆ. ಕಾಡಿನ ನಡುವೆ ಕುಳಿತ ಅವಳಿಗೆ ಇಡೀ ಲೋಕ ಕೇಳಿಸುತ್ತದೆ, ನಗರದಲ್ಲಿರುವ ನನಗೆ ಕೇಳಿಸುವುದಿಲ್ಲ. ತಂದೆ ತೀರಿಕೊಂಡ ಮೇಲೆ ಅಮ್ಮ ಅವಳ ಜೊತೆಯಲ್ಲೇ ಇದ್ದಾಳೆ. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಹೆಂಡತಿ ಒಣಹಾಕಿದ್ದ ಸಂಡಿಗೆಯ ಮೇಲಿಂದ ಕಾಗೆಗಳನ್ನು ಓಡಿಸುತ್ತ ನಾನು ತಾರಸಿಯಲ್ಲಿದ್ದಾಗ ಅಕ್ಕನ ಕರೆ ಬಂತು. ಅವಳ ಮಗಳು ಬಾಣಂತನಕ್ಕೆ ಬರುವವಳಿದ್ದಳು. “ಈ ಮಳೆಗಾಲ ಒಂದು ಅಮ್ಮನ್ನ ನಿನ್ನ ಹತ್ರ ಇಟ್ಕೊಳ್ಳಕ್ಕೆ ಆಗುತ್ತೇನೋ?” ಎಂದಳು.

ಸ್ಪಷ್ಟವಾಗಿ ಕೇಳಿಸಿತು. “ಕೇಳಿಸ್ತಾ ಇಲ್ಲ ಅಕ್ಕಾ” ಎಂದೆ.

ಅವಳು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದಳು. ನಾನು ಮತ್ತೊಮ್ಮೆ ಹಾಗೆಯೇ ಅಂದೆ. ಮೂರನೆಯ ಸಲ ಅವಳು ಕೂಗಿಯೇ ಕೇಳಿದಳು. ಆಮೇಲೆ “ಇರ್ಲಿ ಬಿಡು, ಇನ್ನೊಂದ್ಸಲ ಮಾಡ್ತೀನಿ” ಎಂದು ಇಟ್ಟಳು. ಆ ನಂತರ ಹಲವು ಸಲ ಕರೆ ಮಾಡಿದಳು. ಆ ಮಾತನ್ನು ಎತ್ತಲಿಲ್ಲ.

ನನ್ನಲ್ಲಿ ಕಾರಣಗಳಿರಲಿಲ್ಲವೆಂದಲ್ಲ. ಎರಡು ಕೋಣೆಯ ಮನೆ. ಮಗಳ ಎರಡನೆಯ ಪಿಯುಸಿ. ಹೆಂಡತಿಗೂ ನನಗೂ ಬೆಳಗಿನಿಂದ ಸಂಜೆಯವರೆಗೆ ಕೆಲಸ. ಅಮ್ಮನನ್ನು ನೋಡಿಕೊಳ್ಳಲು ಹಗಲು ಮನೆಯಲ್ಲಿ ಯಾರೂ ಇಲ್ಲ. ಇವೆಲ್ಲ ನಿಜ. ಇವನ್ನು ಹೇಳಿ “ಆಗುವುದಿಲ್ಲ” ಎನ್ನಬಹುದಾಗಿತ್ತು. ಆಗ ಅಕ್ಕ ವಾದಿಸುತ್ತಿದ್ದಳು, ಅಳುತ್ತಿದ್ದಳು, ಒಂದೆರಡು ತಿಂಗಳು ಮಾತು ಬಿಡುತ್ತಿದ್ದಳು. ಅದೆಲ್ಲ ಅವಳ ಹಕ್ಕು. “ಕೇಳಿಸುತ್ತಿಲ್ಲ” ಎಂದದ್ದರಿಂದ ನಾನು ಅವಳಿಂದ ಸಿಟ್ಟಾಗುವ ಹಕ್ಕನ್ನೂ ಕಸಿದುಕೊಂಡೆ. ಇಲ್ಲವೆಂದವನ ಮೇಲೆ ಕೋಪಿಸಿಕೊಳ್ಳಬಹುದು. ಕಿವಿಗೆ ಬೀಳದವನ ಮೇಲೆ ಹೇಗೆ ಕೋಪಿಸಿಕೊಳ್ಳುವುದು? ಅಲ್ಲದೆ, ಬೇಡುವುದೇ ಕಷ್ಟವಾಗಿದ್ದವಳಿಂದ ಒಂದೇ ಮಾತನ್ನು ಮೂರು ಸಲ, ಒಂದಕ್ಕಿಂತ ಒಂದು ಗಟ್ಟಿಯಾಗಿ ಬೇಡಿಸಿದೆ. ಸುಳ್ಳುಗಳಲ್ಲಿ ತರತಮವಿದೆಯೆಂದು ಒಪ್ಪುವವರು ಇದನ್ನು ಯಾವ ತರಗತಿಯಲ್ಲಿ ಇಡುತ್ತಾರೋ ನಾನು ಕಾಣೆ.

ಭಾರತ ಪಾಠ ಹೇಳುವವನಿಗೆ ಇಲ್ಲಿ ಧರ್ಮರಾಯ ನೆನಪಾಗದೆ ಇರುವುದಿಲ್ಲ. ಸತ್ತದ್ದು ಅಶ್ವತ್ಥಾಮನೆಂಬ ಆನೆ. ದ್ರೋಣನ ಕಿವಿಗೆ ಬಿದ್ದದ್ದು ಮಗನ ಹೆಸರು. ಆನೆಯೆಂಬ ಮಾತು ಬರುವ ಹೊತ್ತಿಗೆ ಕೃಷ್ಣ ಶಂಖ ಊದಿದನೆಂದು ಹರಿಕಥೆಯವರು ಹೇಳುತ್ತಾರೆ. ವ್ಯಾಸಭಾರತದಲ್ಲಿ ಶಂಖವಿಲ್ಲ, ಧರ್ಮರಾಯನೇ ಆ ಮಾತನ್ನು ಅಸ್ಪಷ್ಟವಾಗಿ ನುಡಿದನೆಂದಿದೆ, ನೆಲದಿಂದ ನಾಲ್ಕು ಅಂಗುಲ ಮೇಲಿರುತ್ತಿದ್ದ ಅವನ ರಥ ಅಂದು ನೆಲಕ್ಕೆ ತಾಗಿತೆಂದಿದೆ. ಜನ ಶಂಖವನ್ನು ಏಕೆ ಕಲ್ಪಿಸಿಕೊಂಡರು? ತಪ್ಪನ್ನು ಸದ್ದಿನ ಮೇಲೆ ಹಾಕಿದರೆ ಬಾಯಿಗೆ ಅಷ್ಟು ಹಗುರ. ನನ್ನ ಪಾಲಿಗೆ ಆ ಶಂಖವನ್ನು ಊದುತ್ತಿದ್ದದ್ದು ಸಿಗ್ನಲ್ಲು.

ಹಿಂದಿನ ಕಾಲದಲ್ಲಿ ಇಂಥ ಸುಳ್ಳು ಇರಲಿಲ್ಲವೆಂದು ನಾನು ಹೇಳಲಾರೆ. “ಕಾಗದ ತಲುಪಲಿಲ್ಲ” ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. 1990ರ ದಶಕದಲ್ಲಿ ನಾನು ಹಾಸ್ಟೆಲಿನಲ್ಲಿದ್ದಾಗ ಎಸ್.ಟಿ.ಡಿ. ಬೂತಿನ ಮೀಟರಿನಲ್ಲಿ ಓಡುವ ಕೆಂಪು ಅಂಕಿಗಳನ್ನು ನೋಡುತ್ತ “ದುಡ್ಡು ಜಾಸ್ತಿ ಆಗ್ತಾ ಇದೆ” ಎಂದು ಅಪ್ಪನ ಪ್ರಶ್ನೆಗಳಿಂದ ತಪ್ಪಿಸಿಕೊಂಡದ್ದುಂಟು. ಆದರೆ ಕಾಗದ ಬರೆದವರು ನಮ್ಮ ಕಿವಿಯ ಹತ್ತಿರ ಉಸಿರಾಡುತ್ತಿರಲಿಲ್ಲ.

ಸಿಗ್ನಲ್ ಸರಿಮಾಡಿಸುವ ಪ್ರಯತ್ನವನ್ನೂ ನಾನು ಮಾಡಿದೆ, ಅರ್ಧ ಮನಸ್ಸಿನಿಂದ. ಅಂಗಡಿಯೊಬ್ಬನು ಒಂದು ಪೆಟ್ಟಿಗೆ ತೋರಿಸಿದ. ತಾರಸಿಯಲ್ಲಿ ಅದರ ಆಂಟೆನಾ ಕಟ್ಟಿದರೆ ಮನೆಯೆಲ್ಲ ಸಿಗ್ನಲ್ ತುಂಬುತ್ತದೆಂದ. ವಿಚಾರಿಸಿದಾಗ, ಅಂಥ ರಿಪೀಟರನ್ನು ಪರವಾನಗಿಯಿಲ್ಲದೆ ಖಾಸಗಿಯವರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದೂ, ಅದು ಸುತ್ತಲಿನವರ ಕರೆಗಳನ್ನು ಕೆಡಿಸುತ್ತದೆಂದೂ ತಿಳಿಯಿತು. “ಯಾರು ಸಾರ್ ನೋಡ್ತಾರೆ?” ಎಂದ ಅವನು. ನಾನು ಗಂಭೀರವಾಗಿ ನಿರಾಕರಿಸಿ, ನೆರೆಯವರ ಹಿತಕ್ಕಾಗಿ ತ್ಯಾಗ ಮಾಡಿದವನಂತೆ ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡೆ. ಗುರುತಿಲ್ಲದ ನೆರೆಮನೆಯವನ ಮಾತು ಕೆಡಬಾರದೆಂಬ ಈ ಕಾಳಜಿ ಅಕ್ಕನ ಮಾತಿನ ವಿಷಯದಲ್ಲಿ ಎಲ್ಲಿ ಹೋಗಿತ್ತು ಎಂಬ ಪ್ರಶ್ನೆ ಅಂದು ರಾತ್ರಿ ನಿದ್ದೆ ಬಾರದಿದ್ದಾಗ ಮಾತ್ರ ಬಂತು.

ಕೊನೆಗೆ ಪರಿಹಾರ ಮಾಡಿದವಳು ಮಗಳು, ಅದೂ ಐದು ನಿಮಿಷದಲ್ಲಿ. ಅವಳ ಆನ್‌ಲೈನ್ ಪಾಠಕ್ಕೆಂದು 2020ರಲ್ಲಿ ಹಾಕಿಸಿದ್ದ ಬ್ರಾಡ್‌ಬ್ಯಾಂಡು ಮನೆಯಲ್ಲಿತ್ತು. ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಎಂಬುದೊಂದಿದೆ. ಅದನ್ನು ಒತ್ತಿದರೆ ಕರೆ ಟವರಿಗೆ ಹೋಗದೆ ಮನೆಯ ಇಂಟರ್‌ನೆಟ್ಟಿನ ಮೂಲಕವೇ ಕಂಪನಿಯನ್ನು ಸೇರುತ್ತದೆ. ನಂಬರು ಅದೇ, ಬೇರೆ ಆ್ಯಪ್ ಬೇಡ. ನಮ್ಮ ದೇಶದಲ್ಲಿ ಇದು 2019ರ ಡಿಸೆಂಬರಿನಲ್ಲೇ ಬಂದಿತ್ತು. ಇಷ್ಟು ವರ್ಷ ಅದು ನನ್ನ ಜೇಬಿನಲ್ಲೇ ಇತ್ತು, ನಾನು ಹುಡುಕಿರಲಿಲ್ಲ. ಕರೆಂಟು ಹೋದರೆ ರೂಟರೂ ನಿಲ್ಲುತ್ತದೆಂದು ಅದಕ್ಕೊಂದು ಚಿಕ್ಕ ಬ್ಯಾಟರಿಯನ್ನೂ ಮಗಳು ತರಿಸಿದಳು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿತ್ತು, ಕತ್ತಲೆಯಲ್ಲೂ ಮಾತು ನಿಲ್ಲುತ್ತಿರಲಿಲ್ಲ. ಆ ಸುಖ ಈಗ ಬ್ಯಾಟರಿಯಿಂದ ಬರಬೇಕು.

ಅಂದು ಸಂಜೆ ನಡುಮನೆಯ ಕುರ್ಚಿಯಲ್ಲಿ ಕುಳಿತೇ ಅಕ್ಕನಿಗೆ ಕರೆ ಮಾಡಿದೆ. ಜುಲೈ ತಿಂಗಳು. ಹೆಂಚಿನ ಮೇಲೆ ಬೀಳುವ ಮಳೆ ಕೇಳಿಸಿತು. ಒಳಗೆಲ್ಲೋ ಅಮ್ಮ ಕೆಮ್ಮಿದ್ದು ಕೇಳಿಸಿತು.

“ಆವತ್ತು ಏನೋ ಕೇಳ್ತಾ ಇದ್ದೆಯಲ್ಲ ಅಕ್ಕಾ?” ಎಂದೆ.

“ಯಾವತ್ತು? ಓ, ಅದಾ. ಅಮ್ಮನ ಕನ್ನಡಕದ ವಿಷಯ. ಆಯ್ತು ಅದು, ಮಾಡಿಸಿದ್ವಿ.”

ಇಬ್ಬರೂ ಸುಮ್ಮನಾದೆವು. ಮೊದಲಾದರೆ “ಹಲೋ, ಹಲೋ” ಎನ್ನಬಹುದಾಗಿತ್ತು.

“ಅಕ್ಕಾ, ನಂಗೆ ಕೇಳಿಸಿತ್ತು” ಎಂದೆ.

“ಗೊತ್ತು ಮಾರಾಯ. ನಿನ್ನ ಹಿಂದೆ ಕಾಗೆ ಕೂಗಿದ್ದು ಸಹ ನಂಗೆ ಇಲ್ಲಿ ಕೇಳಿಸ್ತಿತ್ತು.”

“ಹಾಗಾದ್ರೆ ಇನ್ನೊಂದ್ಸಲ ಕೇಳು.”

ಅವಳು ಕೇಳಲಿಲ್ಲ. “ತಡಿ, ಅಮ್ಮಂಗೆ ಕೊಡ್ತೀನಿ” ಎಂದು ಒಳಗೆ ಹೋದಳು. ಅವಳ ಹೆಜ್ಜೆಯ ಸದ್ದೂ, ಬಾಗಿಲು ಸರಿದದ್ದೂ, ಅಮ್ಮ ಯಾರೆಂದು ವಿಚಾರಿಸಿದ್ದೂ ಕೇಳಿಸುತ್ತಿತ್ತು.